ಬಿಡುವು ಮತ್ತು ಅಮಾನತು

ತೊಗರಿ ರಾಶಿಯ ದಿನಗಳಲ್ಲಿ ಒಮ್ಮೆ ಹೂವಿನ ಹಿಪ್ಪರಗಿಗೆ ಹೋಗಿದ್ದೆ. ಬಸವನ ಬಾಗೇವಾಡಿ ಕಡೆಯ ಈ ಊರಿನಲ್ಲಿ ನನಗೆ ಹಳೆಯ ನಂಟುಗಳಿವೆ. ತಿರುಗಿ ಹೊರಡುವಾಗ ಬಸ್ಸಿಗೆ ಕಾಯುತ್ತ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತಿದ್ದೆ. ಪರಿಚಯದ ಮನೆಯ ಹುಡುಗನೊಬ್ಬ ಬಂದು ಪಕ್ಕದಲ್ಲಿ ಕುಳಿತ. ಪದವಿ ಮುಗಿಸಿ ಪೊಲೀಸ್ ನೇಮಕಾತಿ ಪರೀಕ್ಷೆಗೆ ಓದುತ್ತಿರುವವನು. ಓದು ಹೇಗೆ ನಡೆದಿದೆ ಎಂದು ಕೇಳಿದೆ.

‘ಎಲ್ಲಿ ಓದರಿ ಕಾಕಾ, ನಮ್ಮ ಮಾಸ್ತರು ತಿಂಗಳಾತು, ಬಂದೇ ಇಲ್ಲ’ ಅಂದ.

ನಾನು ಊರಿನ ಯಾವುದೋ ಶಾಲೆಯ ಮಾಸ್ತರರ ಮಾತು ಎಂದುಕೊಂಡೆ. ಅವನು ಮೊಬೈಲ್ ತೆಗೆದು ತೋರಿಸಿದ. ಮಾಸ್ತರರು ಇದ್ದದ್ದು ಅದರೊಳಗೆ. ದಿನಾ ಬೆಳಿಗ್ಗೆ ಸಾಮಾನ್ಯ ಜ್ಞಾನ, ಸಂಜೆ ಗಣಿತ ಹೇಳಿಕೊಡುತ್ತಿದ್ದ ಒಂದು ಯೂಟ್ಯೂಬ್ ಚಾನೆಲ್. ಪುಕ್ಕಟೆ ಪಾಠಗಳನ್ನು ನೋಡಿ ನಂಬಿಕೆ ಬಂದ ಮೇಲೆ ಇವನು ಎರಡು ಸಾವಿರ ರೂಪಾಯಿ ಕೊಟ್ಟು ಅವರದೇ ‘ಬ್ಯಾಚ್’ ಸೇರಿದ್ದ. ಪಠ್ಯ ಅರ್ಧ ಆಗಿತ್ತು. ಒಂದು ದಿನ ಮಾಸ್ತರರು ಒಂದು ನಿಮಿಷವೂ ಇಲ್ಲದ ವಿಡಿಯೊದಲ್ಲಿ ಬಂದು, ಮನಸ್ಸು ಸರಿಯಿಲ್ಲ, ಸ್ವಲ್ಪ ಬ್ರೇಕ್ ಬೇಕು ಎಂದು ಹೇಳಿ ಹೋದವರು ಮತ್ತೆ ಬಂದಿರಲಿಲ್ಲ.

‘ಬ್ಯಾಸರಾದ್ರ ಕುಂದರ್ಲಿ ಬಿಡ್ರಿ, ಅವರೂ ಮನಶೇರ ಅಲ್ಲೇನು? ಖರೆ, ಯಾವಾಗ ಬರ್ತೀನಿ ಅನ್ನೂದನ್ನಾದ್ರೂ ಹೇಳಬೇಕಿಲ್ರಿ?’ ಎಂದು ಹುಡುಗ ಕೇಳಿದ. ಎದುರಿಗೆ ಬಸಿ ಹಿಡಿದು ಚಹಾ ಕುಡಿಯುತ್ತಿದ್ದ ಹಿರಿಯರೊಬ್ಬರು ತಟ್ಟನೆ, ‘ಅವ ನಿನಗೇನು ಬರಕೊಟ್ಟಾನೇನೋ ತಮ್ಮಾ?’ ಅಂದರು.

ಈ ಎರಡು ಪ್ರಶ್ನೆಗಳ ನಡುವೆ ನಾನು ಅಂದಿನಿಂದ ಸಿಕ್ಕಿಕೊಂಡಿದ್ದೇನೆ. ವಿಡಿಯೊ ಮಾಡುವವರು ಬಿಡುವು ತೆಗೆದುಕೊಳ್ಳುವಾಗ ನೋಡುಗರಿಗೆ ಏನಾದರೂ ಬಾಕಿ ಇರುತ್ತಾರೆಯೇ? ಇದ್ದರೆ ಎಷ್ಟು? ಇದನ್ನು ಹುಡುಗರ ಮೊಬೈಲ್ ಹುಚ್ಚಿನ ಮಾತು ಎಂದು ತಳ್ಳಿಹಾಕುವಂತಿಲ್ಲ. 2016ರಲ್ಲಿ ಜಿಯೋ ಬಂದ ಮೇಲೆ ಅಗ್ಗದ ಇಂಟರ್ನೆಟ್ ಹಳ್ಳಿ ಹಳ್ಳಿಗೆ ಮುಟ್ಟಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸೀಮೆಯ ಒಬ್ಬ ಹುಡುಗ ತರಬೇತಿಗಾಗಿ ಧಾರವಾಡದಲ್ಲೋ ವಿಜಯಪುರದಲ್ಲೋ ಖೋಲಿ ಮಾಡಿಕೊಂಡು ಇರಲಾರದಿದ್ದರೆ, ಅವನ ಪಾಲಿಗೆ ತರಗತಿ ಎಂದರೆ ಈ ಪರದೆಯೇ. ಮಾಸ್ತರರ ಬಿಡುವು ಅವನ ಒಂದು ವರ್ಷವನ್ನೇ ತಿನ್ನಬಹುದು. ನೌಕರಿಯ ವಯೋಮಿತಿ ಯಾರ ಬಿಡುವಿಗೂ ಕಾಯುವುದಿಲ್ಲ.

ಮೊದಲು ಮಾಸ್ತರರ ಕಡೆಯಿಂದಲೇ ನೋಡೋಣ. ವಿಡಿಯೊ ಮಾಡುವವರ ದಣಿವು ನಾಟಕವಲ್ಲ. 2018ರ ಮೇ ತಿಂಗಳಲ್ಲಿ ಕೆನಡಾದ ಎಲ್ ಮಿಲ್ಸ್ ಎಂಬ ಯುವತಿ, ಹತ್ತೊಂಬತ್ತನೆಯ ವಯಸ್ಸಿಗೇ ತಾನು ಸುಟ್ಟುಹೋಗಿದ್ದೇನೆ ಎಂಬ ಅರ್ಥದ ಹೆಸರಿಟ್ಟು ಒಂದು ವಿಡಿಯೊ ಮಾಡಿದಳು. ತಾನು ಬಯಸಿದ್ದೆಲ್ಲ ಸಿಕ್ಕಿದ ಮೇಲೆ ತನಗೇಕೆ ಇಷ್ಟು ಸಂಕಟ ಎಂಬುದು ಅವಳ ಪ್ರಶ್ನೆಯಾಗಿತ್ತು. ಆ ವರ್ಷ ಇಂತಹ ಮಾತು ಅನೇಕ ಕಡೆಗಳಿಂದ ಕೇಳಿಬಂತು. ಕಾರಣ ಕಷ್ಟದ್ದೇನಲ್ಲ. ಸಿನಿಮಾದಲ್ಲಿ ನಟ ಬೇರೆ, ಕ್ಯಾಮೆರಾದವನು ಬೇರೆ, ಸಂಕಲನಕಾರ ಬೇರೆ, ಪೋಸ್ಟರ್ ಅಂಟಿಸುವವನು ಬೇರೆ. ಇಲ್ಲಿ ಹೆಚ್ಚಿನವರ ಪಾಲಿಗೆ ಎಲ್ಲವೂ ಒಬ್ಬನೇ. ಅಷ್ಟು ಮಾಡಿದ ಮೇಲೂ ನಾಳೆ ನಿಲ್ಲಿಸಿದರೆ ತನ್ನನ್ನು ಯಂತ್ರ ಮರೆಯುತ್ತದೆ ಎಂಬ ಭಯ. ಯಾವ ವಿಡಿಯೊ ಯಾರ ಮುಂದೆ ಬರಬೇಕೆಂದು ತೀರ್ಮಾನಿಸುವ ಆ ಲೆಕ್ಕಾಚಾರ ಹೇಗೆ ನಡೆಯುತ್ತದೆಂದು ಮಾಡುವವನಿಗೂ ತಿಳಿಯದು, ನೋಡುವವನಿಗೂ ತಿಳಿಯದು.

ಈ ಭಯ ಬುಡವಿಲ್ಲದ್ದೆಂದು ಯೂಟ್ಯೂಬ್ ಹೇಳುತ್ತ ಬಂದಿದೆ. 2019ರಲ್ಲಿ ಅದರ ಆಗಿನ ಮುಖ್ಯಸ್ಥೆ ಸೂಸನ್ ವೊಜಿಸ್ಕಿ ವಿಡಿಯೊ ಮಾಡುವವರಿಗೆ ಪತ್ರ ಬರೆದು, ಬಿಡುವು ಪಡೆದು ಮರಳಿದ ಚಾನೆಲ್‌ಗಳನ್ನು ಸರಾಸರಿಯಾಗಿ ಮೊದಲಿಗಿಂತ ಹೆಚ್ಚೇ ನೋಡಲಾಗಿದೆ, ಆದ್ದರಿಂದ ಹೆದರಬೇಡಿ ಎಂದಿದ್ದರು. ಸರಾಸರಿ ಎಂಬುದು ದೊಡ್ಡವರ ಸಮಾಧಾನಕ್ಕೆ ಸಾಲುತ್ತದೆ. ಸಣ್ಣವನು ಓದುವುದು ನಿಯಮವನ್ನು. ಆರು ತಿಂಗಳು ಏನನ್ನೂ ಹಾಕದೆ ಸುಮ್ಮನಿದ್ದ ಚಾನೆಲ್‌ನ ಗಳಿಕೆಯನ್ನು ನಿಲ್ಲಿಸುವ ಹಕ್ಕನ್ನು ಅದೇ ಸಂಸ್ಥೆ ಇಟ್ಟುಕೊಂಡಿದೆ. ದೊಡ್ಡ ವಿಡಿಯೊದ ಜಾಹೀರಾತಿನಿಂದ ನೂರು ರೂಪಾಯಿ ಬಂದರೆ 55 ಮಾಡಿದವನಿಗೆ, 45 ಯೂಟ್ಯೂಬ್‌ಗೆ. ಹೆಚ್ಚು ಕಡಿಮೆ ಅರ್ಧ ಪಾಲು ತೆಗೆದುಕೊಳ್ಳುವ ಪಾಲುದಾರ, ದುಡಿಯುವವನ ಕಾಯಿಲೆಗೆ ಅರ್ಧ ಪಾಲೂ ಹೊರುವುದಿಲ್ಲ. ರಜೆ ಇಲ್ಲ, ವೈದ್ಯಕೀಯ ರಜೆಯಂತೂ ಇಲ್ಲ. ನಮ್ಮ ಹೊಲದ ಲಾವಣಿಯಲ್ಲೂ ಇದಕ್ಕಿಂತ ಹೆಚ್ಚಿನ ಮುಲಾಜು ಇತ್ತು.

ಹೀಗಾಗಿ ಬಿಡುವು ಅವರ ಹಕ್ಕು ಎಂಬ ಬಗ್ಗೆ ನನಗೆ ಸಂಶಯವಿಲ್ಲ. ಅದಕ್ಕೆ ಕಾರಣ ಕೇಳುವ ಹಕ್ಕೂ ನಮಗಿಲ್ಲ. ಮನೆಯಲ್ಲಿ ಸಾವಾಗಿರಬಹುದು, ಸಂಸಾರ ಮುರಿದಿರಬಹುದು, ಅಥವಾ ಬರೀ ಬೇಸರವಿರಬಹುದು. ಬೇಸರವೂ ಸಾಕಾದ ಕಾರಣವೇ. ಆದರೆ ಕಾರಣ ಹೇಳಬೇಕಿಲ್ಲ ಎಂದ ಮಾತ್ರಕ್ಕೆ ಯಾವ ಮಾತೂ ಬಾಕಿ ಇಲ್ಲ ಎಂದಾಗುವುದಿಲ್ಲ. ಚರ್ಚೆಯಲ್ಲಿ ಈ ಎರಡನ್ನು ನಾವು ಕಲಸಿಬಿಡುತ್ತೇವೆ. ಒಂದು ಗುಂಪು ನೋಡುಗನನ್ನು ಧಣಿ ಮಾಡುತ್ತದೆ, ಇನ್ನೊಂದು ಗುಂಪು ಅವನನ್ನು ಬಿಟ್ಟಿ ಊಟಕ್ಕೆ ಬಂದವನನ್ನಾಗಿ ಮಾಡುತ್ತದೆ. ಅವನು ಎರಡೂ ಅಲ್ಲ.

ನನಗೆ ತೋರುವಂತೆ, ಬಾಕಿಯ ಲೆಕ್ಕವು ಆ ವಿಡಿಯೊಗಳು ನೋಡುಗನ ಜೊತೆ ಯಾವ ಬಗೆಯ ಸಂಬಂಧ ಕಟ್ಟಿವೆ ಎಂಬುದರ ಮೇಲೆ ನಿಲ್ಲುತ್ತದೆ. ಕನ್ನಡದಲ್ಲೇ ಮೂರು ಬಗೆಗಳನ್ನು ನೋಡಬಹುದು.

ಒಂದು, ನಗಿಸುವವರು. ಮಲ್ಲು ಜಮಖಂಡಿ, ಶಿವಪುತ್ರ ಯಶಾರಧಾ ಮೊದಲಾದವರು ನಮ್ಮ ಕಡೆಯ ಆಡುಮಾತನ್ನು ಯಾವ ಸಂಕೋಚವೂ ಇಲ್ಲದೆ ಪರದೆಗೆ ತಂದರು. ಸಿನಿಮಾದಲ್ಲಿ ಉತ್ತರ ಕರ್ನಾಟಕದವನು ಹೆಚ್ಚಾಗಿ ನಗೆಪಾಟಲಿನ ಪಾತ್ರವೇ ಆಗಿದ್ದ ಕಾಲಕ್ಕೆ, ಇಲ್ಲಿ ಅವನೇ ನಗಿಸುವವನಾದ. ಇದು ಸಣ್ಣ ಸಂಗತಿಯಲ್ಲ. ಆದರೂ ನಗಿಸುವವರು ಎರಡು ತಿಂಗಳು ನಗಿಸದಿದ್ದರೆ ನೋಡುಗ ಕಳೆದುಕೊಳ್ಳುವುದು ಒಂದು ಸಂಜೆಯ ಖುಷಿ ಅಷ್ಟೇ. ಇವರ ಬಾಕಿ ನೋಡುಗನಿಗಿಂತ, ತಮ್ಮ ಜೊತೆ ಹೊಲದ ಬದುವಿನ ಮೇಲೆ, ಮನೆಯ ಪಡಸಾಲೆಯಲ್ಲಿ ಪಾತ್ರ ಮಾಡುವ ಹತ್ತಾರು ಸಂಗಡಿಗರಿಗೆ ಹೆಚ್ಚು. ಬಿಡುವು ಒಬ್ಬನದು, ಕೂಲಿ ತಪ್ಪುವುದು ಹಲವರದು ಎಂಬುದನ್ನು ಇಂತಹ ತಂಡಗಳು ಮರೆಯಬಾರದು.

ಎರಡು, ಜಗತ್ತು ತೋರಿಸುವವರು. ಡಾ. ಬ್ರೋ ಎಂದೇ ಹೆಸರಾದ ಗಗನ್ ಶ್ರೀನಿವಾಸ್ ಅಫ್ಘಾನಿಸ್ತಾನದಂತಹ ನಾಡುಗಳಿಗೂ ಹೋಗಿ, ಅಲ್ಲಿನ ಸಾಮಾನ್ಯರ ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಮಾತನಾಡಿದವರು. ಅವರ ‘ನಮಸ್ಕಾರ ದೇವ್ರು’ ಮನೆಮಾತಾಗಿದೆ. ಅವರ ವಿಡಿಯೊಗಳ ನಡುವೆ ದೊಡ್ಡ ಅಂತರ ಬಿದ್ದಾಗ ‘ಎಲ್ಲಿದ್ದೀರಿ’ ಎಂದು ಜನ ಕೇಳಿದ್ದಾರೆ, ಅದು ಸುದ್ದಿಯೂ ಆಗಿದೆ. ಈ ಕೇಳುವಿಕೆಯಲ್ಲಿ ಅಧಿಕಾರವಿಲ್ಲ, ಅಂಜಿಕೆ ಇದೆ. ಅಪಾಯದ ದಾರಿಯಲ್ಲಿ ನಮ್ಮನ್ನು ಕೈಹಿಡಿದು ಕರೆದೊಯ್ದವನು ಮೌನವಾದರೆ ಅವನಿಗೆ ಏನಾಯಿತೋ ಎಂಬ ಅಂಜಿಕೆ ಸಹಜ. ಅಪಾಯವನ್ನೇ ಕತೆಯ ರುಚಿಯಾಗಿ ಬಡಿಸುವ ಪ್ರವಾಸದ ವಿಡಿಯೊಗಾರರೆಲ್ಲ, ಊರಿಗೆ ಕ್ಷೇಮವಾಗಿ ಮುಟ್ಟಿದ್ದೇನೆ ಎಂಬ ಒಂದು ಸಾಲನ್ನು ನೋಡುಗರಿಗೆ ಬಾಕಿ ಇರುತ್ತಾರೆ. ಅದಕ್ಕಿಂತ ಹೆಚ್ಚಿಲ್ಲ.

ಮೂರು, ಕಲಿಸುವವರು. ಇವರ ಬಾಕಿ ಎಲ್ಲರಿಗಿಂತ ಹೆಚ್ಚು. ಏಕೆಂದರೆ ಇವರು ಕ್ರಮವನ್ನು ಮಾರಿದ್ದಾರೆ. ಇಂದು ಇದು, ನಾಳೆ ಅದು, ಪರೀಕ್ಷೆಯ ಹೊತ್ತಿಗೆ ಎಲ್ಲವೂ ಎಂಬ ಭರವಸೆಯೇ ಇವರ ಸರಕು. ಇಲ್ಲಿ ಬಿಡುವು ಎಂಬುದು ಅರ್ಧ ಹೊಲ ಬಿತ್ತಿ ಕೂರಿಗೆಯನ್ನು ಮನೆಗೆ ಒಯ್ದ ಹಾಗೆ. ಉಳಿದ ಅರ್ಧಕ್ಕೆ ಹದ ಕಾಯುವುದಿಲ್ಲ. ದುಡ್ಡು ಪಡೆದಿದ್ದರೆ ಇದು ಬರೀ ಸೌಜನ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಪಾಠ ನಿಂತ ತಿಂಗಳ ಹಣ ತಮ್ಮದಲ್ಲ. ಒಂದೋ ತಿರುಗಿ ಕೊಡಬೇಕು, ಇಲ್ಲವೇ ಬೇರೊಬ್ಬರಿಂದ ಪಾಠ ಮುಗಿಸಿಕೊಡಬೇಕು. ಹಿಪ್ಪರಗಿಯ ಹಿರಿಯರು ‘ಬರಕೊಟ್ಟಾನೇನು’ ಎಂದು ಕೇಳಿದ್ದರು. ಎರಡು ಸಾವಿರ ತೆಗೆದುಕೊಂಡು ಪಾಠದ ಪಟ್ಟಿ ಹಾಕಿದ್ದು ಬರೆದುಕೊಟ್ಟದ್ದೇ.

ಇನ್ನು ಬಿಡುವು ಘೋಷಿಸುವ ವಿಡಿಯೊಗಳ ಮಾತು. ಇದೀಗ ಇದೊಂದು ಪ್ರಕಾರವೇ ಆಗಿಬಿಟ್ಟಿದೆ. ಮಂದ ಬೆಳಕು, ಹಿಂದೆ ಮೆಲ್ಲನೆಯ ಸಂಗೀತ, ನಿಟ್ಟುಸಿರು, ‘ನಿಮ್ಮ ಹತ್ತಿರ ಒಂದು ಮಾತು ಹೇಳಬೇಕು’ ಎಂಬ ತಲೆಬರಹ. ಹೇಳಬೇಕಾದ ಮಾತನ್ನು ಕೊನೆಯವರೆಗೆ ಹಿಡಿದಿಡುವುದು. ನೋಡುಗನ ಆತಂಕವೇ ಇಲ್ಲಿ ಬಂಡವಾಳ. ಬಿಡುವಿನ ಹೆಸರಿನಲ್ಲಿ ಮಾಡಿದ ವಿಡಿಯೊವೇ ವರ್ಷದಲ್ಲಿ ಹೆಚ್ಚು ನೋಡಿಸಿಕೊಂಡದ್ದಾಗುತ್ತದೆ. ವಾರದ ನಂತರ ‘ಮತ್ತೆ ಬಂದೆ’ ಎಂಬ ಇನ್ನೊಂದು. ಇವುಗಳ ಹಿಂದೆ ನಿಜವಾದ ನೋವು ಇಲ್ಲವೆಂದು ನಾನು ಹೇಳುತ್ತಿಲ್ಲ. ನೋವನ್ನೂ ಸರಕಿನ ಅಚ್ಚಿಗೆ ಹಾಕುವಂತೆ ಈ ಮಾಧ್ಯಮ ಒತ್ತುತ್ತದೆ, ಮಾಡುವವನು ಅದಕ್ಕೆ ಮಣಿಯುತ್ತಾನೆ ಎಂಬುದು ನನ್ನ ಆಕ್ಷೇಪ. ಜೊತೆಗೆ ‘ನಮ್ಮ ಕುಟುಂಬ’ ಎಂಬ ಮಾತು ಬೇರೆ. ದಿನಾ ನೋಡುಗರನ್ನು ಕುಟುಂಬ ಎಂದು ಕರೆದವನು, ಬಿಡುವಿನ ದಿನ ‘ನಾನು ಯಾರಿಗೂ ಉತ್ತರ ಕೊಡಬೇಕಿಲ್ಲ’ ಎಂದರೆ ಆ ಕುಟುಂಬ ಅಲ್ಲಿಯವರೆಗೆ ಬರೀ ಮಾರಾಟದ ಮಾತಾಗಿತ್ತು ಎಂದೇ ಅರ್ಥ.

ಇದಕ್ಕೆ ಎದುರಾಗಿ ಇಂಗ್ಲೆಂಡಿನ ಟಾಮ್ ಸ್ಕಾಟ್ ಅವರ ಉದಾಹರಣೆ ನೋಡಬಹುದು. ವಿಜ್ಞಾನ, ಭಾಷೆ, ಊರುಗಳ ವಿಚಿತ್ರ ಸಂಗತಿಗಳ ಬಗ್ಗೆ ಹತ್ತು ವರ್ಷ ವಾರ ತಪ್ಪದೆ ವಿಡಿಯೊ ಮಾಡಿದವರು ಇವರು. 2024ರ ಜನವರಿ 1ರಂದು, ಹತ್ತು ವರ್ಷ ತುಂಬಿತು, ವಾರದ ವಿಡಿಯೊ ಇಲ್ಲಿಗೆ ನಿಲ್ಲಿಸುತ್ತೇನೆ ಎಂದು ಹೇಳಿದರು. ಹೇಳಬೇಕಾದ್ದನ್ನು ತಲೆಬರಹದಲ್ಲೇ ಹೇಳಿದ್ದರು, ನೋಡುಗನನ್ನು ಕಾಯಿಸಲಿಲ್ಲ. ಕನಸಿನ ಕೆಲಸವೂ ಕೊನೆಗೆ ಕೆಲಸವೇ, ದಣಿದಿದ್ದೇನೆ ಎಂದರು. ನಿಲ್ಲುವುದು ಏನು, ಮುಂದುವರಿಯುವುದು ಏನು ಎಂದು ಬೇರೆ ಬೇರೆ ಮಾಡಿ ತಿಳಿಸಿದರು. ಅಳಲಿಲ್ಲ, ಅಳಿಸಲೂ ಇಲ್ಲ. ಅವರಿಗೆ ಇದ್ದ ಅನುಕೂಲ ಎಲ್ಲರಿಗೂ ಇರುವುದಿಲ್ಲ ಎಂಬುದು ನಿಜ. ಕಾಯಿಲೆ ಬಿದ್ದವನು ಹತ್ತು ವರ್ಷ ತುಂಬಿಸಿ ಹೊರಡಲಾರ. ಆದರೆ ನೇರವಾಗಿ ಹೇಳುವ ಗುಣಕ್ಕೆ ಅನುಕೂಲ ಬೇಕಿಲ್ಲ.

ದೂರದ ಉದಾಹರಣೆ ಯಾಕೆ, ನಮ್ಮ ನೆಲದ ಕಲೆಗಳೇ ಬಿಡುವಿನ ವಿದ್ಯೆಯನ್ನು ಬಲ್ಲವಾಗಿದ್ದವು. ನಮ್ಮ ಕಡೆಯ ಮೊಹರಮ್ಮಿನ ರಿವಾಯತ್ ಮೇಳವನ್ನೋ ಗೀಗೀ ಮೇಳವನ್ನೋ ರಾತ್ರಿಯೆಲ್ಲ ಕುಳಿತು ಕೇಳಿದವರಿಗೆ ಇದು ಗೊತ್ತು. ಮುಂದಿನವನು ಒಂದು ನುಡಿ ಹಾಡುತ್ತಾನೆ, ಹಿಂದಿನವರು ಅದನ್ನು ಎತ್ತಿಕೊಳ್ಳುತ್ತಾರೆ. ಅಷ್ಟು ಹೊತ್ತಿನಲ್ಲಿ ಮುಂದಿನವನು ಉಸಿರು ತೆಗೆದುಕೊಳ್ಳುತ್ತಾನೆ, ಮುಂದಿನ ನುಡಿ ನೆನೆಯುತ್ತಾನೆ. ಬಿಡುವು ಹಾಡಿನ ಒಳಗೇ ಇದೆ. ಅವನು ನಿಂತದ್ದು ಕೇಳುವವರಿಗೆ ಗೊತ್ತಾಗುವುದೇ ಇಲ್ಲ, ಯಾಕೆಂದರೆ ಹಾಡು ನಿಂತಿರುವುದಿಲ್ಲ. ಕಂಪನಿ ನಾಟಕದವರೂ ಹೀಗೆಯೇ. ಹಿಂದೆ ಸೀನು ಕಟ್ಟುವಾಗ ಪರದೆಯ ಮುಂದೆ ಹಾಸ್ಯದವರು ಬಂದು ನಗಿಸುತ್ತಿದ್ದರು. ಊರು ಬಿಡುವಾಗ ಇನ್ನು ಇಷ್ಟೇ ಆಟ ಎಂದು ಸಾರಿಯೇ ಬಿಡುತ್ತಿದ್ದರು. ಆ ಸಾರುವಿಕೆಯಲ್ಲಿ ವ್ಯಾಪಾರವೂ ಇತ್ತು ನಿಜ. ಆದರೆ ಹೋಗುವವರು ಹೋಗುತ್ತೇವೆಂದು ಹೇಳಿ ಹೋದರು. ಇಂದಿನ ವಿಡಿಯೊಗಾರನಿಗೆ ಹಿಮ್ಮೇಳವಿಲ್ಲ. ಅವನ ದುಃಖದ ಮೂಲ ಅದೇ. ಇಂತಹವರು ತಮ್ಮಂಥ ಇನ್ನಿಬ್ಬರನ್ನು ಜೊತೆ ಮಾಡಿಕೊಂಡು, ಒಬ್ಬ ಕುಳಿತಾಗ ಇನ್ನೊಬ್ಬ ನಡೆಸುವ ಕ್ರಮವನ್ನು ಯಾಕೆ ಕಟ್ಟಬಾರದು? ವಿಶೇಷವಾಗಿ ಕಲಿಸುವವರು.

ಪತ್ರಿಕೆಗಳ ಲೋಕವೂ ಇದನ್ನು ಎದುರಿಸಿದೆ. ವಚನಗಳನ್ನು ಹುಡುಕಿ ಉಳಿಸಿದ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ 1926ರಲ್ಲಿ ‘ಶಿವಾನುಭವ’ ಆರಂಭಿಸಿದರು. ತಮ್ಮದೇ ಮುದ್ರಣಾಲಯ, ಬಡತನ, ಮನೆಯ ತಾಪತ್ರಯಗಳ ನಡುವೆಯೇ ಅದನ್ನು ದಶಕಗಳ ಕಾಲ ನಡೆಸಿದರು. ಅಂಥವರನ್ನು ತೋರಿಸಿ, ಇಂದಿನ ಹುಡುಗರೂ ಹಾಗೆಯೇ ಸವೆಯಬೇಕು ಎಂದು ಉಪದೇಶ ಮಾಡುವುದು ಅನ್ಯಾಯ. ಒಬ್ಬರ ತ್ಯಾಗವನ್ನು ಇನ್ನೊಬ್ಬರ ಮೇಲೆ ನಿಯಮವಾಗಿ ಹೇರಬಾರದು. ಇನ್ನೊಂದು ತುದಿಗೆ ವಿವೇಕ ಶಾನಭಾಗರ ‘ದೇಶ ಕಾಲ’ ಇದೆ. 2005ರಲ್ಲಿ ಆರಂಭವಾದ ಈ ತ್ರೈಮಾಸಿಕ ಏಳು ವರ್ಷ ನಡೆದು ನಿಂತಿತು. ಓದುಗರಿಗೆ ಬೇಸರವಾಯಿತು. ಆದರೆ ನಿಂತದ್ದರಿಂದ ಅದರ ಸಂಚಿಕೆಗಳ ಬೆಲೆ ಕಡಿಮೆಯಾಗಲಿಲ್ಲ. ನಿಲ್ಲುವುದು ಸೋಲಲ್ಲ ಎಂಬುದನ್ನು ಸಾಹಿತ್ಯ ಪತ್ರಿಕೆಯ ಓದುಗ ಕಲಿತಿದ್ದಾನೆ. ವಿಡಿಯೊದ ನೋಡುಗ ಇನ್ನೂ ಕಲಿಯಬೇಕಿದೆ. ಎರಡು ವಾರ ಬರದಿದ್ದರೆ ‘ಇವನ ಕತೆ ಮುಗಿಯಿತು’ ಎನ್ನುವ ಆತುರದಲ್ಲಿ ನಾವೂ ಆ ಯಂತ್ರದ ಕೈಯಾಳುಗಳಾಗಿರುತ್ತೇವೆ.

ಇಲ್ಲಿ ಒಂದು ಶಬ್ದ ನೆನಪಾಗುತ್ತದೆ. ಅಮಾನತು. ಅರಬಿ ಮೂಲದಿಂದ ಫಾರ್ಸಿ, ಉರ್ದುಗಳ ದಾರಿಯಲ್ಲಿ ನಮ್ಮ ಭಾಷೆಗೆ ಬಂದ ಈ ಮಾತಿಗೆ ಮೂಲದ ಅರ್ಥ, ನಂಬಿ ಒಪ್ಪಿಸಿದ ವಸ್ತು. ಒಬ್ಬನು ಊರಿಗೆ ಹೋಗುವಾಗ ನೆರೆಯವನ ಬಳಿ ಇಟ್ಟ ಒಡವೆ ಅಮಾನತು. ಕೇಳಿದಾಗ ಹಾಗೆಯೇ ಮರಳಿಸಬೇಕಾದ್ದು. ಕನ್ನಡದ ಕಚೇರಿಗಳಲ್ಲಿ ಇದೇ ಶಬ್ದ ಬೇರೆ ಅರ್ಥ ಪಡೆಯಿತು. ನೌಕರನನ್ನು ಅಮಾನತಿನಲ್ಲಿ ಇಟ್ಟರು ಎಂದರೆ ತಾತ್ಕಾಲಿಕವಾಗಿ ಕೆಲಸದಿಂದ ನಿಲ್ಲಿಸಿದರು ಎಂದು. ಈಗ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯ ಅರ್ಥವೇ. ಆದರೆ ವಿಡಿಯೊಗಾರನ ಬಿಡುವಿನಲ್ಲಿ ಎರಡೂ ಅರ್ಥಗಳು ಒಟ್ಟಿಗೆ ಬಂದು ನಿಲ್ಲುತ್ತವೆ. ಕೆಲಸವನ್ನು ಅಮಾನತಿನಲ್ಲಿ ಇಡಬಹುದು. ನೋಡುಗ ಒಪ್ಪಿಸಿದ ಅಮಾನತ್ತನ್ನು ಮಾತ್ರ ನುಂಗಬಾರದು.

ಆ ಅಮಾನತ್ತು ಯಾವುದು? ಹಣ ಕೊಟ್ಟವನ ಹಣ. ಹಣ ಕೊಡದವನ ಸಮಯ ಮತ್ತು ನಂಬಿಕೆ. ಬಿಡುವಿನಲ್ಲಿ ಇದ್ದಾಗಲೂ ಹಳೆಯ ವಿಡಿಯೊಗಳ ಜಾಹೀರಾತು ಓಡುತ್ತಿರುತ್ತದೆ, ತಿಂಗಳ ಸದಸ್ಯತ್ವದ ಹಣ ತಾನಾಗಿ ಕಡಿತವಾಗುತ್ತಿರುತ್ತದೆ ಎಂಬುದನ್ನು ನೆನಪಿಡಬೇಕು. ಹಳೆಯ ದುಡಿಮೆಯ ಫಲ ಉಣ್ಣುವುದರಲ್ಲಿ ತಪ್ಪಿಲ್ಲ. ಬಾರದ ವಿಡಿಯೊಗೆ ಕಡಿತವಾಗುವ ಸದಸ್ಯತ್ವದ ಹಣ ಮಾತ್ರ ಬೇರೆ. ಅದನ್ನು ನಿಲ್ಲಿಸಿ ಹೋಗಬೇಕು, ಇಲ್ಲವೇ ಬೇಕಾದವರು ಬಿಟ್ಟುಹೋಗಿ ಎಂದು ಸ್ಪಷ್ಟವಾಗಿ ಹೇಳಿ ಹೋಗಬೇಕು.

ನೋಡುಗನೂ ಲೆಕ್ಕದಿಂದ ಹೊರಗಿಲ್ಲ. ಬಿಡುವು ಕೇಳಿದವನ ಮನೆಯ ಬಾಗಿಲು ಬಡಿಯದಿರುವುದು, ಕಾರಣ ಊಹಿಸಿ ಗಾಳಿಸುದ್ದಿ ಹಬ್ಬಿಸದಿರುವುದು, ಮರಳಿ ಬಂದಾಗ ‘ಇಷ್ಟು ದಿನ ಎಲ್ಲಿ ಸತ್ತಿದ್ದೆ’ ಎನ್ನದಿರುವುದು ಅವನ ಪಾಲಿನ ಬಾಕಿ. ಹೆಣ್ಣುಮಕ್ಕಳ ಚಾನೆಲ್ ನಿಂತರಂತೂ ನಮ್ಮ ಸಮಾಜದ ಊಹೆಗಳು ಎಲ್ಲಿಗೆ ಹೋಗುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಮದುವೆ, ಬಸಿರು, ಗಂಡನ ಮನೆಯ ಜಗಳ ಎಲ್ಲವನ್ನೂ ಕಟ್ಟಿಬಿಡುತ್ತಾರೆ. ಅಂಥವಳು ಒಂದೂ ಮಾತು ಹೇಳದೆ ಸುಮ್ಮನೆ ಹೋದರೆ ನಾನು ಅವಳನ್ನು ತಪ್ಪೆನ್ನಲಾರೆ. ಹೇಳಿದ ಪ್ರತಿ ಮಾತೂ ತನ್ನ ಮೇಲೆಯೇ ತಿರುಗುವಲ್ಲಿ ಮೌನವೇ ಕಾವಲು.

ಹಿಪ್ಪರಗಿಯ ಹುಡುಗನ ಮಾಸ್ತರರು ಮುಂದೆ ಬಂದರೋ ಇಲ್ಲವೋ ನನಗೆ ತಿಳಿಯದು. ಅವರಿಗೆ ನಿಜವಾಗಿಯೂ ಮನಸ್ಸು ಸರಿಯಿಲ್ಲದಿದ್ದರೆ ಬೇಗ ಗುಣವಾಗಲಿ. ಅಂದು ಹುಡುಗ ಹಣದ ಮಾತನ್ನು ಒಮ್ಮೆ ಮಾತ್ರ ಆಡಿದ್ದ, ಯಾವಾಗ ಬರುತ್ತಾರೆ ಎಂದು ಮೂರು ಸಲ ಕೇಳಿದ್ದ. ನನ್ನ ಬಸ್ಸು ಬಂತು. ನಾನು ಎದ್ದಾಗ ಅವನೂ ಎದ್ದು ಚೀಲ ಎತ್ತಿಕೊಟ್ಟ. ನಮ್ಮ ಸೀಮೆಯಲ್ಲಿ ಹೊರಡುವವನು ‘ಹೋಗ್ತೀನಿ’ ಎನ್ನುವುದಿಲ್ಲ. ಮತ್ತೆ ಎಂದು ಬರುತ್ತೇನೋ ತಿಳಿಯದಿದ್ದರೂ ‘ಬರ್ತೀನಿ’ ಎಂದೇ ಹೇಳುತ್ತಾನೆ. ಅದು ತಾರೀಖು ಕೊಟ್ಟ ಕರಾರಲ್ಲ. ನೀನು ಇಲ್ಲಿ ಕುಳಿತಿದ್ದೀಯ ಎಂಬುದು ನನಗೆ ಗೊತ್ತಿದೆ ಎಂದಷ್ಟೇ ಅದರ ಅರ್ಥ. ಬಿಡುವಿಗೆ ಹೊರಟವರು ನಮಗೆ ಕೊಡಬೇಕಾದದ್ದು ಬಹುಶಃ ಅಷ್ಟೇ.

‘ಬರ್ತೀನಪಾ’ ಎಂದು ಹೇಳಿ ನಾನು ಬಸ್ಸು ಹತ್ತಿದೆ.